ಗಾದೆಯೂ ಗಾದಿಯೂ

ಗಾದೆ ಮತ್ತು ಗಾದಿ ಎಂಬ ಎರಡು ಮಾತುಗಳ ನಡುವೆ ಇರುವುದು ಒಂದು ಸ್ವರದ ಅಂತರ ಮಾತ್ರ. ಗಾದೆ ಸಂಸ್ಕೃತದ ‘ಗಾಥಾ’ ಶಬ್ದದ ತದ್ಭವ. ಗಾದಿ ಮರಾಠಿ, ಹಿಂದಿಗಳ ಕಡೆಯಿಂದ ಬಂದು ಉತ್ತರದ ಕನ್ನಡ ಮನೆಗಳಲ್ಲಿ ನೆಲೆಸಿದ ಅತಿಥಿ. ಒಂದು ನಾಲಗೆಯ ಮೇಲೆ ಇರುತ್ತದೆ, ಇನ್ನೊಂದು ಬೆನ್ನಿನ ಕೆಳಗೆ. ಇವೆರಡೂ ಕೂಡುವ ಸ್ಥಳವೊಂದಿದೆ: ‘ಹಾಸಿಗೆ ಇದ್ದಷ್ಟು ಕಾಲು ಚಾಚು.’ ಅಕ್ಕಲಕೋಟದ ಪೇಟೆಯಲ್ಲಿ ಇದನ್ನೇ ‘ಅಂಥರೂಣ ಪಾಹೂನ ಪಾಯ ಪಸರಾವೇ’ ಎಂದೂ ಹೇಳುತ್ತಾರೆ. ಒಬ್ಬನು ಕನ್ನಡದಲ್ಲಿ ಆರಂಭಿಸಿದ ಗಾದೆಗೆ ಎದುರಿಗೆ ಕುಳಿತವನು ಮರಾಠಿಯಲ್ಲಿ ತಲೆದೂಗುವುದು ಈ ಊರಿನಲ್ಲಿ ವಿಶೇಷವಲ್ಲ. ಕನ್ನಡದ ‘ಹಾಸಿಗೆ’ಯು ‘ಹಾಸು’ ಧಾತುವಿಗೆ ‘ಇಗೆ’ ಪ್ರತ್ಯಯ ಸೇರಿ ಆದ ಕೃದಂತ. ಮರಾಠಿಯ ‘ಅಂಥರೂಣ’ವೂ ‘ಅಂಥರಣೆ’, ಅಂದರೆ ಹಾಸುವುದು, ಎಂಬ ಕ್ರಿಯೆಯಿಂದಲೇ ಹುಟ್ಟಿದ್ದು. ಎರಡು ಭಾಷೆಗಳೂ ಮಲಗುವ ವಸ್ತುವಿಗೆ ಹಾಸುವ ಕೆಲಸದ ಹೆಸರನ್ನೇ ಇಟ್ಟಿವೆ.

ಎರಡೂ ಗಾದೆಗಳು ಮಿತವ್ಯಯವನ್ನು ಬೋಧಿಸುತ್ತವೆ. ಆದರೆ ಎರಡರಲ್ಲಿಯೂ ಮಲಗುವವನು ಒಬ್ಬನೇ. ಒಂದೇ ಹಾಸಿಗೆಯ ಮೇಲೆ ಇಬ್ಬರು ಮಲಗಬೇಕಾದಾಗ ಯಾರ ಕಾಲಿನ ಅಳತೆಯನ್ನು ಹಿಡಿಯಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಅಕ್ಕಲಕೋಟದ ಒಂದು ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಮದುವೆಯಾಗಿ ಮೂವತ್ತೊಂದು ವರ್ಷಗಳಾದ ಮೇಲೆ.

ಆ ಮನೆಯ ಯಜಮಾನರು ಕನ್ನಡ ಮಾಧ್ಯಮದ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಐವತ್ತೆಂಟು ತುಂಬಿದಾಗ ನಿವೃತ್ತರಾಗಿ ಎರಡು ವರ್ಷಗಳಾಗಿದ್ದವು. ಅವರು ಓದಿದ್ದು ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ವಚನಗಳನ್ನು ಕನ್ನಡದಲ್ಲಿ ವಿವರಿಸುತ್ತಿದ್ದ ಅವರು ಕಿರಾಣಿ ಲೆಕ್ಕ ಮಾಡುವಾಗ ಮಗ್ಗಿಯನ್ನು ಮರಾಠಿಯಲ್ಲಿಯೇ ಗುಣುಗುಣಿಸುತ್ತಿದ್ದರು. ನೋವು, ಹಸಿವು, ಸಿಟ್ಟು ಕನ್ನಡದಲ್ಲಿ. ಬೆಲೆ, ಅಳತೆ, ಬಡ್ಡಿ ಮರಾಠಿಯಲ್ಲಿ. ಅವರ ಧರ್ಮಪತ್ನಿ ಸೊಲ್ಲಾಪುರದವರು. ಓಣಿಯವರೆಲ್ಲ ಅವರನ್ನು ‘ಬಾಯಿಯವರು’ ಎನ್ನುತ್ತಿದ್ದರು. ಮರಾಠಿಯ ‘ಬಾಯಿ’ ಹೆಣ್ಣುಮಕ್ಕಳಿಗೆ ಸಲ್ಲುವ ಗೌರವದ ಮಾತು. ಕನ್ನಡದ ಬಾಯಿ ಮಾತನಾಡುವ ಅವಯವ. ಈ ಬಾಯಿಯವರು ಊರಿನ ಎಲ್ಲರ ಕಷ್ಟಗಳ ಬಗ್ಗೆ ಮಾತನಾಡಿದರೂ ತಮ್ಮ ಬಗ್ಗೆ ಬಾಯಿ ತೆರೆದದ್ದು ಕಡಿಮೆ.

ಅವರ ಮನೆಯಲ್ಲಿದ್ದ ಹಳೆಯ ಗಾದಿ ಬಾಯಿಯವರೊಂದಿಗೇ ಸೊಲ್ಲಾಪುರದಿಂದ ಬಂದದ್ದು. ಅವರ ತಂದೆ ಬಟ್ಟೆ ಗಿರಣಿಯ ಕಾರ್ಮಿಕರು. 19ನೆಯ ಶತಮಾನದ ಕೊನೆಯ ದಶಕಗಳಿಂದ ಸೊಲ್ಲಾಪುರ ಹತ್ತಿಯ ಊರು. ಗಿರಣಿಯ ಭೋಂಗಾ ಕೂಗಿದಾಗ ಊರು ಏಳುತ್ತಿತ್ತು, ಭೋಂಗಾ ಕೂಗಿದಾಗ ಉಣ್ಣುತ್ತಿತ್ತು. ತವರಿನ ಒಂದೇ ಕೋಣೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ತಂದೆ ಹಗಲಿನಲ್ಲಿ ಮಲಗುತ್ತಿದ್ದ ಹಾಸಿಗೆಯ ಮೇಲೆಯೇ ರಾತ್ರಿ ಮಕ್ಕಳು ಮಲಗುತ್ತಿದ್ದರು. ಆ ಹಾಸಿಗೆ ಆರಿದ್ದನ್ನು ತಾನು ನೋಡಿಯೇ ಇಲ್ಲವೆಂದು ಬಾಯಿಯವರು ನಗುತ್ತ ಹೇಳುವುದುಂಟು. ಅಂಥ ತಂದೆ ಮಗಳ ಮದುವೆಗೆ ಕೆಂಪು ಪಟ್ಟೆಯ ಗಾದಿಪಾಟಿನಲ್ಲಿ ಒಳ್ಳೆಯ ಹತ್ತಿ ತುಂಬಿಸಿ, ಇಬ್ಬರು ಮಲಗುವ ಗಾದಿಯೊಂದನ್ನೂ ಅದರ ಮೇಲೆ ಎರಡು ಸೊಲ್ಲಾಪುರಿ ಚಾದರಗಳನ್ನೂ ಕೊಟ್ಟಿದ್ದರು. ಚಾದರಗಳು ಇನ್ನೂ ಇವೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಚಾದರದ ಗಟ್ಟಿತನವನ್ನು ಅರಿಯಬೇಕಾದವರು ಅದನ್ನು ಮೂವತ್ತು ವರ್ಷ ಒಗೆದವರನ್ನು ಕೇಳಬೇಕು. ಗಾದಿಗೆ ಮಾತ್ರ ವಯಸ್ಸಾಯಿತು. ಹತ್ತಿ ಅಲ್ಲಲ್ಲಿ ಗಂಟುಕಟ್ಟಿತು. ಮಾಸ್ತರರು ಮಲಗುವ ಕಡೆ ಎಮ್ಮೆ ಮಲಗಿ ಎದ್ದ ಮಣ್ಣಿನಂತೆ ತಗ್ಗು ಬಿದ್ದಿತು.

ನಿವೃತ್ತಿಯ ಎರಡನೆಯ ವರ್ಷ ಮಾಸ್ತರರಿಗೆ ಸೊಂಟ ಹಿಡಿಯಿತು. ಬೆಳಿಗ್ಗೆ ಎದ್ದವರು ಹತ್ತು ನಿಮಿಷ ಗೋಡೆಯನ್ನು ಹಿಡಿದೇ ನಿಲ್ಲಬೇಕಾಗುತ್ತಿತ್ತು. ವೈದ್ಯರು ಪರೀಕ್ಷಿಸಿ, ಮೂಳೆಗೆ ಏನೂ ಆಗಿಲ್ಲವೆಂದು ಹೇಳಿ, ಗುಳಿಗೆ ಬರೆದು, ಕೊನೆಗೆ ಎದ್ದು ನಿಂತಾಗ, “ಗಾದಿ ಜರಾ ಗಟ್ಟಿ ಇರಲಿ ಮಾಸ್ತರ” ಎಂದರು. ಮನೆಗೆ ಬರುವಷ್ಟರಲ್ಲಿ ಮಾಸ್ತರರ ಮನಸ್ಸಿನಲ್ಲಿ ‘ಜರಾ’ ಉದುರಿಹೋಗಿ ‘ಗಟ್ಟಿ’ ಒಂದೇ ಉಳಿದಿತ್ತು.

ಈ ‘ಗಟ್ಟಿ’ ಎಂಬುದು ವಿಚಿತ್ರವಾದ ಶಬ್ದ. ಗಟ್ಟಿ ಮೊಸರು ಎಂದರೆ ನೀರಾಗದ್ದು. ಗಟ್ಟಿ ದನಿ ಎಂದರೆ ಎತ್ತರದ್ದು. ಗಟ್ಟಿ ಮನುಷ್ಯ ಎಂದರೆ ಕುಗ್ಗದವನು. ಇವುಗಳಲ್ಲಿ ಯಾವುದೂ ಕಲ್ಲಿನಂಥದ್ದಲ್ಲ. ಕಲ್ಲಿನಂಥದ್ದಕ್ಕೆ ಈ ಭಾಗದ ಮಾತು ‘ಬಿರುಸು’. ಒಣಗಿದ ರೊಟ್ಟಿ ಬಿರುಸು, ಕೆಟ್ಟ ಮಾತು ಬಿರುಸು. ಗಟ್ಟಿಯಾದದ್ದು ಭಾರವನ್ನು ತಾಳುತ್ತದೆ. ಬಿರುಸಾದದ್ದು ಭಾರವನ್ನು ಮರಳಿ ನೂಕುತ್ತದೆ. ಸಮಾನಾರ್ಥಕಗಳೆಂದು ಕಂಠಪಾಠ ಮಾಡಿಸುವ ಪದಗಳ ನಡುವೆ ಇರುವ ಇಂಥ ಅಂತರವನ್ನು ಮಾಸ್ತರರು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದರು. ಗಾದಿ ಕೊಳ್ಳುವ ಹೊತ್ತಿನಲ್ಲಿ ಆ ಪಾಠ ನೆನಪಾಗಲಿಲ್ಲ.

ಒಂದು ಮಂಗಳವಾರ ಇಬ್ಬರೂ ಸೊಲ್ಲಾಪುರಕ್ಕೆ ಹೊರಟರು. ಗುರುವಾರ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರಿಂದ ಬಸ್ಸುಗಳು ತುಂಬಿರುತ್ತವೆಂದು ಅಕ್ಕಲಕೋಟದವರು ತಮ್ಮ ಪ್ರಯಾಣಗಳನ್ನು ಬೇರೆ ವಾರಗಳಿಗೆ ಇಟ್ಟುಕೊಳ್ಳುತ್ತಾರೆ. 2023ರಿಂದ ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು. ಕಂಡಕ್ಟರು ಒಂದು ಪೂರ್ಣ, ಒಂದು ಅರ್ಧ ಹರಿದುಕೊಟ್ಟಾಗ ಬಾಯಿಯವರು, “ನೋಡ್ರಿ, ಸರಕಾರದಾಗೂ ನಂದು ಅರ್ಧನೇ” ಎಂದರು. ಮಾಸ್ತರರು ನಕ್ಕರು. ವಳಸಂಗ ದಾಟಿ ಕುಂಭಾರಿ ಬರುವವರೆಗೆ ಅವರು ಖರ್ಚಿನ ಮಿತಿಯನ್ನು ಮರಾಠಿಯಲ್ಲಿ ಲೆಕ್ಕ ಹಾಕುತ್ತಿದ್ದರು. ಹತ್ತು ಸಾವಿರದ ಒಳಗೆ, ಟೆಂಪೋ ಬಾಡಿಗೆ ಸೇರಿ.

ನವೀ ಪೇಟೆಯ ಅಂಗಡಿಯಲ್ಲಿ ಗಾದಿಗಳನ್ನು ಪುಸ್ತಕಗಳಂತೆ ನಿಲ್ಲಿಸಿದ್ದರು. ಅಂಗಡಿಯ ಹುಡುಗ ಉತ್ಸಾಹಿ. ಕನ್ನಡ, ಮರಾಠಿ, ತೆಲುಗು ಮೂರರಲ್ಲಿಯೂ ಸರಾಗ. ನೇಯ್ಗೆಯ ಕೆಲಸಕ್ಕೆಂದು ಬಂದು ನೆಲೆಸಿದ ಪದ್ಮಶಾಲಿಗಳ ತೆಲುಗು ಸೊಲ್ಲಾಪುರದ ಪೇಟೆಯಲ್ಲಿ ಮೂರನೆಯ ಮನೆಮಾತು. ಅವನು ವಿವರಿಸಿದ್ದರಲ್ಲಿ ತಿಳಿಯಬೇಕಾದ ಸಂಗತಿಗಳು ಇದ್ದವು. ಕಾಥ್ಯಾದ ಗಾದಿ, ಅಂದರೆ ತೆಂಗಿನ ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ ಒತ್ತಿ ಮಾಡಿದ್ದು, ಗಟ್ಟಿ, ಅಗ್ಗ, ಗಾಳಿಯಾಡುವಂಥದ್ದು; ಆದರೆ ಕೆಲವು ವರ್ಷಗಳಲ್ಲಿ ನಡುವೆ ಕುಸಿಯುತ್ತದೆ. ಫೋಮಿನ ಗಾದಿಗೆ ಮೂವತ್ತೆರಡು, ನಲವತ್ತು ಎಂದು ಒಂದು ಸಂಖ್ಯೆ ಹೇಳುತ್ತಾರೆ. ಅದು ಒಂದು ಘನಮೀಟರ್ ಫೋಮಿನ ತೂಕ, ಕಿಲೋ ಲೆಕ್ಕದಲ್ಲಿ. ಆ ಸಂಖ್ಯೆ ಬಾಳಿಕೆಯ ಗುರುತೇ ಹೊರತು ಗಟ್ಟಿತನದ ಅಳತೆಯಲ್ಲ. ಹೆಚ್ಚು ತೂಕದ ಫೋಮು ಮೆತ್ತಗಿರಬಹುದು, ಕಡಿಮೆ ತೂಕದ್ದು ಬಿರುಸಾಗಿರಬಹುದು. ಮೆಮರಿ ಫೋಮು ಮೈಯ ಕಾವಿಗೆ ಮೆತ್ತಗಾಗುವಂಥದ್ದು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರದಲ್ಲಿ ಅದು ಇನ್ನಷ್ಟು ಮೆತ್ತಗಾಗುತ್ತದೆ, ಕಾವನ್ನೂ ಹಿಡಿದಿಡುತ್ತದೆ. ಪ್ರತಿಯೊಂದು ಸ್ಪ್ರಿಂಗನ್ನೂ ಬೇರೆ ಬೇರೆ ಅರಿವೆಯ ಚೀಲದಲ್ಲಿ ಹೊಲಿದ ಗಾದಿಯಲ್ಲಿ ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಅದರ ಅಲುಗು ತಟ್ಟುವುದಿಲ್ಲ. ದಂಪತಿಗಳಿಗೆ ಒಳ್ಳೆಯದು, ಆದರೆ ಅದರ ಬೆಲೆ ಮಾಸ್ತರರ ಲೆಕ್ಕಕ್ಕೆ ಮೀರಿದ್ದು. ಉಳಿದದ್ದು ರಿಬಾಂಡೆಡ್: ಫೋಮಿನ ಚೂರುಗಳನ್ನು ಅಂಟು ಹಾಕಿ ಭಾರದಲ್ಲಿ ಒತ್ತಿ ಮಾಡಿದ ಹಲಗೆ. ಬಣ್ಣಬಣ್ಣದ ಚೂರುಗಳಿಂದಾದ ಆ ಹಲಗೆಯನ್ನು ಕಂಡು ಬಾಯಿಯವರು, “ಇದು ಕೌದಿ ಇದ್ದಂಗ ಅದ” ಎಂದರು. ಹುಡುಗ, “ಕೌದಿ ಅಲ್ರಿ ಅಕ್ಕಾ, ಕಡಕ್ ಅದ, ಒಂದು ನಂಬರ್ ಕಡಕ್” ಎಂದು ಮುಷ್ಟಿಯಿಂದ ಗುದ್ದಿ ತೋರಿಸಿದ.

ಆಮೇಲೆ ಅವನು ಒಂದು ಒಳ್ಳೆಯ ಮಾತನ್ನೇ ಹೇಳಿದ. “ಇಬ್ಬರೂ ಮಲಗಿ ನೋಡ್ರಿ.”

ಅಂಗಡಿಯ ಮುಂಭಾಗ ಇಡಿಯಾಗಿ ರಸ್ತೆಗೆ ತೆರೆದಿತ್ತು. ಎದುರಿನ ಪಾತ್ರೆಯಂಗಡಿಯಲ್ಲಿ ನಾಲ್ವರು ಹೆಂಗಸರು ನಿಂತಿದ್ದರು. ಬಾಯಿಯವರು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, “ನಂಗ ಯಾಕ? ನೋವು ಅವರಿಗದ, ಅವರೇ ನೋಡ್ಲಿ” ಎಂದು ಹಿಂದಕ್ಕೆ ಸರಿದರು. ಅಂಗಡಿಯವರು ಹೊರದೇಶದ ಪದ್ಧತಿಯನ್ನು ಕಲಿತಿದ್ದರು. ಮಲಗಿ ನೋಡಿ ಕೊಳ್ಳಬೇಕೆಂಬುದು ಸರಿಯಾದ ಪದ್ಧತಿಯೂ ಹೌದು. ಆದರೆ ಐವತ್ತೈದರ ಗೃಹಿಣಿಯೊಬ್ಬಳು ನಡುಪೇಟೆಯಲ್ಲಿ, ಹಗಲು ಹನ್ನೆರಡಕ್ಕೆ, ಗಂಡನ ಪಕ್ಕದಲ್ಲಿ ಮಲಗಿ ತೋರಿಸುವುದು ಹೇಗೆಂಬುದನ್ನು ಆ ಪದ್ಧತಿ ಯೋಚಿಸಿರಲಿಲ್ಲ. ಒಂದು ಪರದೆ ಇದ್ದಿದ್ದರೆ ಈ ಕಥೆ ಅಲ್ಲಿಯೇ ಮುಗಿಯುತ್ತಿತ್ತು.

ಮಾಸ್ತರರು ಚಪ್ಪಲಿ ಕಳಚಿ, ಟೊಪ್ಪಿಗೆ ಕೈಯಲ್ಲಿ ಹಿಡಿದು, ಅಂಗಾತ ಮಲಗಿದರು. ಎರಡು ನಿಮಿಷ ಅಲುಗಲಿಲ್ಲ. ಬಾಯಿಯವರಿಗೆ ಆ ದೃಶ್ಯ ಶುಭವೆನಿಸದೆ, “ಏಳ್ರಿ ಸಾಕು” ಎಂದರು. ಎದ್ದವರು, “ಚಲೋ ಗಟ್ಟಿ ಅದ. ನಿನಗ ಹೆಂಗ ಅನಸ್ತದ?” ಎಂದರು. ಬಾಯಿಯವರು ಅಂಗೈಯಿಂದ ಒಂದು ಸಲ ಒತ್ತಿ, “ನಿಮಗ ಚಲೋ ಅನಿಸಿದ್ರ ಆತಲ್ಲ” ಎಂದರು. ಈ ವಾಕ್ಯ ವ್ಯಾಕರಣದಲ್ಲಿ ಉತ್ತರದಂತೆ ಕಾಣುತ್ತದೆ. ಅರ್ಥದಲ್ಲಿ ಅದು ಉತ್ತರವಲ್ಲ. ಮಾಸ್ತರರು ಅದನ್ನು ಒಪ್ಪಿಗೆ ಎಂದು ತಿಳಿದು ಹಣ ಎಣಿಸಿದರು. 72 ಇಂಚು ಉದ್ದ, 60 ಇಂಚು ಅಗಲ, ಐದು ಇಂಚು ದಪ್ಪದ ಗಾದಿ ಸಂಜೆಗೆ ಟೆಂಪೋದಲ್ಲಿ ಅಕ್ಕಲಕೋಟಕ್ಕೆ ಬಂದಿಳಿಯಿತು. ಹಳೆಯದು ಸುತ್ತಿಸಿಕೊಂಡು ಅಟ್ಟ ಸೇರಿತು.

ಮೊದಲ ವಾರ ಮಾಸ್ತರರ ಸೊಂಟಕ್ಕೆ ಹಿತವೆನಿಸಿತು. ಬಂದವರೆಲ್ಲರಿಗೂ ಗಾದಿಯನ್ನು ಗುದ್ದಿ ತೋರಿಸಿದರು. ಮೂರನೆಯ ವಾರ ಒಂದು ರಾತ್ರಿ ಎಚ್ಚರವಾದಾಗ ಪಕ್ಕದಲ್ಲಿ ಬಾಯಿಯವರು ಇರಲಿಲ್ಲ. ಅವರು ನೆಲದ ಮೇಲೆ, ಜಮಖಾನದ ಮೇಲೆ ಕೌದಿ ಹಾಸಿಕೊಂಡು ಮಲಗಿದ್ದರು. ಬೆಳಿಗ್ಗೆ ಕೇಳಿದಾಗ, “ಸೆಕಿ ಭಾಳ ಇತ್ತು, ನೆಲ ತಂಪಿರ್ತದ” ಎಂದರು. ಮಾಘ ಮಾಸದಲ್ಲಿ ಎಂಥ ಸೆಕೆ ಎಂದು ಕೇಳಬೇಕೆಂಬುದು ಮಾಸ್ತರರಿಗೆ ಸಂಜೆಯ ಹೊತ್ತಿಗೆ ಹೊಳೆಯಿತು. ಮತ್ತೆರಡು ರಾತ್ರಿ ಅವರು ನಿದ್ದೆ ಬಂದವರಂತೆ ಮಲಗಿ ನೋಡಿದರು. ಬಾಯಿಯವರು ಒಂದು ಗಂಟೆ ಹೊರಳಾಡಿ, ಭುಜವನ್ನು ತಿಕ್ಕಿಕೊಂಡು, ಸದ್ದಾಗದಂತೆ ಇಳಿದು, ಕೌದಿ ಹಾಸಿಕೊಳ್ಳುತ್ತಿದ್ದರು. ಬೆಳಗಿನ ಐದಕ್ಕೆ ನಳದ ನೀರಿಗೆ ಏಳುವಾಗ ಕೌದಿಯನ್ನು ಮಡಿಸಿ ಇಡುತ್ತಿದ್ದರು. ಕುರುಹು ಉಳಿಯುತ್ತಿರಲಿಲ್ಲ.

ಪುಣೆಯಲ್ಲಿರುವ ಮಗಳಿಗೆ ಮಾಸ್ತರರು ದೂರವಾಣಿಯಲ್ಲಿ ಇದನ್ನು ಹೇಳಿದರು. ಆಕೆ ಓದಿ ತಿಳಿದು ವಿವರಿಸಿದಳು. ಅಂಗಾತ ಮಲಗುವವರ ಭಾರ ಬೆನ್ನಿನ ಇಡೀ ಹರವಿನ ಮೇಲೆ ಬೀಳುತ್ತದೆ. ಮಗ್ಗುಲಾಗಿ ಮಲಗುವವರ ಭಾರವೆಲ್ಲ ಭುಜ, ಸೊಂಟದ ಮೂಳೆ ಎಂಬ ಎರಡು ತುದಿಗಳ ಮೇಲೆ. ಆ ಎರಡು ತುದಿಗಳು ಒಂದಿಷ್ಟು ಇಳಿಯಲು ಗಾದಿ ಎಡೆಗೊಡಬೇಕು. ಮೈಭಾರವಿದ್ದವರಿಗೆ ಬಿರುಸು ಗಾದಿಯೂ ಸ್ವಲ್ಪ ಬಾಗುತ್ತದೆ. ಹಗುರವಾದವರಿಗೆ ಅದು ಕಲ್ಲೇ ಆಗಿರುತ್ತದೆ. ಎಪ್ಪತ್ತೆಂಟು ಕಿಲೋ ತೂಗುವ ಮಾಸ್ತರರಿಗೆ ಗಟ್ಟಿಯಾದದ್ದು ನಲವತ್ತಾರು ಕಿಲೋದ ಬಾಯಿಯವರಿಗೆ ಬಿರುಸು. ಇನ್ನೂ ಒಂದು ವಿಷಯವಿತ್ತು. ಸೊಂಟನೋವಿಗೆ ಗಾದಿ ಎಷ್ಟು ಬಿರುಸಾದರೆ ಅಷ್ಟು ಒಳ್ಳೆಯದೆಂಬ ನಂಬಿಕೆಯನ್ನೇ ಸ್ಪೇನ್ ದೇಶದ ವೈದ್ಯರು ಪರೀಕ್ಷಿಸಿದ್ದಾರೆ. ಬಹುದಿನದ ಸೊಂಟನೋವಿದ್ದ 313 ಜನರನ್ನು ಎರಡು ಗುಂಪು ಮಾಡಿ, ಕೆಲವರಿಗೆ ಬಿರುಸಾದ, ಕೆಲವರಿಗೆ ಮಧ್ಯಮ ಗಟ್ಟಿತನದ ಗಾದಿ ಕೊಟ್ಟು, 90 ದಿನಗಳ ಮೇಲೆ ನೋಡಿದಾಗ ಮಧ್ಯಮ ಗಾದಿಯವರೇ ಹೆಚ್ಚು ಗುಣ ಕಂಡಿದ್ದರು. 2003ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆ ಅದನ್ನು ಪ್ರಕಟಿಸಿತು. “ಅಪ್ಪಾ, ಡಾಕ್ಟರ್ ಹೇಳಿದ್ದು ‘ಜರಾ ಗಟ್ಟಿ’. ಅಂಗಾತ ಮಲಗಿ ನಡುವಿನ ಕೆಳಗ ಕೈ ಹಾಕಿ ನೋಡ್ರಿ. ಕೈ ಸಲೀಸಾಗಿ ಆರಪಾರ ಹೋದ್ರ ಗಾದಿ ಬಿರುಸು. ಹೋಗಲೇ ಇಲ್ಲ ಅಂದ್ರ ಮೆತ್ತಗ. ಜರಾ ಬಿಗಿಯಾಗಿ ಹೋಗಬೇಕು” ಎಂದಳು. ಮಾಸ್ತರರು ಹಾಗೆಯೇ ಮಾಡಿ ನೋಡಿದರು. ಅವರ ಕೈ ಸಲೀಸಾಗಿ ಆರಪಾರ ಹೋಯಿತು.

ಫೋನು ಇಡುವ ಮೊದಲು ಮಗಳು ಇನ್ನೊಂದು ಪ್ರಶ್ನೆ ಕೇಳಿದಳು. “ಅಂಗಡ್ಯಾಗ ಅವ್ವನ್ನ ಕೇಳಿದ್ರೇನು?”

“ಕೇಳಿದೆ. ನಿಮಗ ಚಲೋ ಅನಿಸಿದ್ರ ಆತು ಅಂದಳು.”

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಕೇಳಿದಂಗಲ್ಲ ಅಪ್ಪಾ” ಎಂದಳು.

ಮಾಸ್ತರರು ಮೂವತ್ತು ವರ್ಷ ತರಗತಿಯಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವನ್ನು ಹೇಳಿದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಪ್ರಶ್ನಿಸಿ, ಮಿಕ್ಕಿದ್ದನ್ನು ಮರಳಿ ಸುರಿದು ಬರುವಂತೆ ಕಳಿಸಿದಳು. ಹನ್ನೆರಡನೆಯ ಶತಮಾನದ ಒಂದು ಬಡ ಮನೆಯಲ್ಲಿ ಹೆಂಡತಿ ಗಂಡನ ಲೆಕ್ಕವನ್ನು ತಿದ್ದಿದಳು, ಗಂಡ ಅದಕ್ಕೆ ಕಿವಿಗೊಟ್ಟ ಎಂಬುದನ್ನು ಮಾಸ್ತರರು ದನಿ ಏರಿಸಿ ಹೇಳುತ್ತಿದ್ದರು. ಲಕ್ಕಮ್ಮ ಮಾತನಾಡಿದ್ದನ್ನು ಹೊಗಳುವುದು ಸುಲಭ. ಆ ಮನೆಯಲ್ಲಿ ಆಕೆ ಮಾತನಾಡಲು ಎಡೆಯಿತ್ತು, ಆ ಎಡೆಯನ್ನು ಇಬ್ಬರೂ ಕೂಡಿ ಮಾಡಿಕೊಂಡಿರಬೇಕು ಎಂಬ ಭಾಗ ಅವರಿಗೆ ಈ ವಯಸ್ಸಿನಲ್ಲಿ ಹೊಸದಾಗಿ ಕಾಣಿಸಿತು.

ಹೊಸ ಗಾದಿಯನ್ನು ಅಂಗಡಿಯವರು ಮರಳಿ ಪಡೆಯುವಂತಿರಲಿಲ್ಲ. ಇನ್ನೊಂದನ್ನು ಕೊಳ್ಳಲು ಹಣವಿರಲಿಲ್ಲ. ಇದ್ದಿದ್ದರೂ ಬಾಯಿಯವರು ಬಿಡುತ್ತಿರಲಿಲ್ಲ. ಆಗ ಮಾಸ್ತರರಿಗೆ ಅಟ್ಟದ ಮೇಲಿನ ಹಳೆಯ ಗಾದಿ ನೆನಪಾಗಿ, ಪೇಟೆಯ ಪಿಂಜಾರರನ್ನು ಕರೆಸಿದರು.

ಹತ್ತಿಯನ್ನು ಬಿಡಿಸುವ ಕೆಲಸಕ್ಕೆ ಕನ್ನಡದಲ್ಲಿ ‘ಹಿಂಜು’ ಎನ್ನುತ್ತಾರೆ, ಮರಾಠಿಯಲ್ಲಿ ‘ಪಿಂಜಣೆ’. ಹಾಲು, ಹೂವುಗಳ ಪಕಾರ ಹಕಾರವಾದ ಭಾಷೆಯಲ್ಲಿ ವೃತ್ತಿಯ ಹೆಸರು ಮಾತ್ರ ‘ಪಿಂಜಾರ’ ಎಂದು ಪಕಾರದೊಂದಿಗೇ ನಿಂತಿದೆ. ಅವರ ಇನ್ನೊಂದು ಹೆಸರಾದ ‘ನದಾಫ’ ಅರಬ್ಬಿಯದು. ಅರ್ಥ ಅದೇ, ಹತ್ತಿ ಹಿಂಜುವವನು. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಅಲ್-ಹಲ್ಲಾಜನ ಹೆಸರಿನಲ್ಲಿರುವ ‘ಹಲ್ಲಾಜ’ಕ್ಕೂ ಇದೇ ವೃತ್ತಿಯ ಅರ್ಥ. ಹಿಂದೆ ಪಿಂಜಾರರು ಹೆಗಲ ಮೇಲೆ ಆಳೆತ್ತರದ ಬಿಲ್ಲು ಹೊತ್ತು ಓಣಿ ಓಣಿ ತಿರುಗುತ್ತಿದ್ದರು. ಬಿಲ್ಲಿನ ಹೆದೆಯನ್ನು ಹತ್ತಿಯಲ್ಲಿ ಇಳಿಸಿ ಕೊಡತಿಯಿಂದ ಬಾರಿಸಿದಾಗ ಏಳುವ ‘ಟಂಯ್ಯ್’ ಎಂಬ ನಾದವನ್ನು ಕೇಳಿ ಮಕ್ಕಳು ಸೇರುತ್ತಿದ್ದರು. ಗಂಟುಕಟ್ಟಿದ ಹತ್ತಿ ನೊರೆಯಂತೆ ಏಳುತ್ತಿತ್ತು. ಈಗ ವಿದ್ಯುತ್ತಿನ ಯಂತ್ರ ಆ ಕೆಲಸ ಮಾಡುತ್ತದೆ. ಬಂದ ಪಿಂಜಾರರಿಗೆ ಎಪ್ಪತ್ತರ ಸಮೀಪದ ವಯಸ್ಸು. ಬಿಲ್ಲನ್ನೂ ಬಾರಿಸಿದವರು, ಯಂತ್ರವನ್ನೂ ನಡೆಸುವವರು. ಬಾಯಿಯವರು ಅವರನ್ನು ಮಾಮಾ ಎಂದು ಕರೆಯುತ್ತಿದ್ದರು.

ಮಾಮಾ ಅಂಗಳದಲ್ಲಿ ಗಾದಿಯನ್ನು ಬಿಡಿಸಿ, ಮೊಣಕಾಲೂರಿ ಕುಳಿತು, ಎರಡೂ ಅಂಗೈಗಳಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಒತ್ತುತ್ತ ಹೋದರು. ವೈದ್ಯರು ಹೊಟ್ಟೆ ಮುಟ್ಟಿ ನೋಡುವ ಹಾಗೆ. ಆಮೇಲೆ ಹೇಳಿದರು: “ಮಾಸ್ತರ, ಗಾದಿ ಇಬ್ಬರದು. ಮಲಗಿದವರು ಒಬ್ಬರೇ ಇದ್ದಂಗ ಅದ.”

“ಇಲ್ಲ ಮಾಮಾ, ಇಬ್ಬರೂ ಮಲಗೀವಿ. ಮೂವತ್ತು ವರ್ಷ.”

ಮಾಮಾ ಇನ್ನೊಂದು ಅಂಚಿನ ಬಳಿ ಕೈಯಿಟ್ಟು ಅಳೆದರು. ಅಲ್ಲಿ ಒಂದೂವರೆ ಗೇಣು ಅಗಲದ ಒಂದು ಕಿರಿದಾದ ತಗ್ಗು, ಗಾದಿಯ ಉದ್ದಕ್ಕೂ ಕಾಲುದಾರಿಯಂತೆ ಇತ್ತು. “ಹಂಗಾದ್ರ ಇನ್ನೊಬ್ಬರು ಇಷ್ಟರಾಗ ಮಲಗ್ಯಾರ.”

ನಡುವಿನ ಭಾಗದ ಹತ್ತಿ ಮಾತ್ರ ಅಷ್ಟಾಗಿ ಸವೆದಿರಲಿಲ್ಲ. ಮೊದಲ ವರ್ಷಗಳಲ್ಲಿ ಅಲ್ಲಿ ಮಕ್ಕಳು ಮಲಗುತ್ತಿದ್ದರು. ಮಗ, ಆಮೇಲೆ ಮಗಳು. ಮಕ್ಕಳು ಬೆಳೆದು ಬೇರೆ ಮಲಗಿದರು, ಆಮೇಲೆ ಊರನ್ನೇ ಬಿಟ್ಟರು. ನಡುವಿನ ಜಾಗ ತೆರವಾಯಿತು. ಅಂಚಿನಲ್ಲಿದ್ದವರು ಅಂಚಿನಲ್ಲಿಯೇ ಉಳಿದರು. ಗಂಡನ ನಿದ್ದೆ ಕೆಡದಂತೆ ಐದಕ್ಕೆ ಎದ್ದು ಹೋಗಲು ಅಂಚು ಅನುಕೂಲವಾಗಿತ್ತು. ಯಾರೂ ಅವರನ್ನು ಅಲ್ಲಿಗೆ ನೂಕಿರಲಿಲ್ಲ. ಈಚೆ ಸರಿ ಎಂದು ಯಾರೂ ಹೇಳಿರಲೂ ಇಲ್ಲ.

ಮಾಮಾ ಬಾಗಿಲಲ್ಲಿ ನಿಂತಿದ್ದ ಬಾಯಿಯವರ ಕಡೆಗೆ ತಿರುಗಿ, ಅಳತೆ ಕೇಳುವ ದರ್ಜಿಯ ಸಹಜತೆಯಿಂದ, “ಅಕ್ಕಾರ, ನೀವು ಯಾ ಮಗ್ಗಲ ಮಲಗ್ತೀರಿ?” ಎಂದರು.

ಉತ್ತರ ಹೇಳಲು ಮಾಸ್ತರರೇ ಬಾಯಿ ತೆರೆದರು. ತೆರೆದ ಬಾಯಿಗೆ ಉತ್ತರ ಬರಲಿಲ್ಲ. ಅವರಿಗೆ ಅದು ಗೊತ್ತಿರಲಿಲ್ಲ.

“ಬಲಮಗ್ಗಲ” ಎಂದರು ಬಾಯಿಯವರು. “ಮೊದಲಿಂದೂ ಬಲಮಗ್ಗಲ. ತೊಟ್ಟಿಲ ಆ ಕಡಿ ಇತ್ತಲ್ಲ.” ಸ್ವಲ್ಪ ತಡೆದು ಸೇರಿಸಿದರು: “ಈಗ ಈ ಭುಜ ನೋಯ್ತದ, ಮಾಮಾ. ಈ ಹೊಸಾ ಗಾದಿ ಬಂದಾಗಿಂದ ಭಾಳ ನೋಯ್ತದ.” ಮನೆಯವರಿಗೆ ಹೇಳದ ಮಾತನ್ನು ಅವರು ಪಿಂಜಾರರಿಗೆ ಹೇಳಿದ್ದರು, ಏಕೆಂದರೆ ಕೇಳಿದವರು ಅವರು.

ಉಪಾಯ ಸರಳವಾಗಿತ್ತು. ಹಳೆಯ ಹತ್ತಿಯನ್ನು ಮತ್ತೆ ಹಿಂಜಿ, ಧೂಳನ್ನೂ ಪುಡಿಯಾದ ಎಳೆಗಳನ್ನೂ ಬೇರ್ಪಡಿಸಿ, ಉಳಿದ ಒಳ್ಳೆಯ ಹತ್ತಿಯಿಂದ ತೆಳುವಾದ ಒಂದು ಗಾದಿ ಮಾಡುವುದು; ಅದನ್ನು ಹೊಸ ಗಾದಿಯ ಮೇಲೆ ಬಾಯಿಯವರ ಕಡೆಗೆ ಹಾಸುವುದು. ಕೆಳಗಿನದು ಭಾರವನ್ನು ತಾಳುತ್ತದೆ, ಮೇಲಿನದು ಭುಜಕ್ಕೆ ಎಡೆಗೊಡುತ್ತದೆ. ಹತ್ತಿ ಮತ್ತೆ ಗಂಟುಕಟ್ಟದಂತೆ ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯಬೇಕು, ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಬೇಕು, ಕೆಲವು ವರ್ಷಗಳಿಗೊಮ್ಮೆ ಹಿಂಜಿಸಬೇಕು. ಫೋಮು ಸವೆದರೆ ಎಸೆಯಬೇಕು. ಹತ್ತಿ ಸವೆದರೆ ಮತ್ತೆ ಹತ್ತಿಯಾಗುತ್ತದೆ. ಮಂಚದ ಪಟ್ಟಿಗಳು ನಡುವೆ ಜೋತಿರುವುದನ್ನು ನೋಡಿದ ಮಾಮಾ ಇನ್ನೊಂದು ಮಾತು ಹೇಳಿದರು: “ಮಂಚ ಬಾಗಿದ್ರ ಎಂಥಾ ಗಾದಿ ಹಾಕಿದ್ರೂ ಬಾಗ್ತದ. ಒಂದು ಪ್ಲಾಯ್‌ವುಡ್ ಹಲಗಿ ಹಾಕ್ರಿ.” ಮಾಸ್ತರರ ಸೊಂಟನೋವಿನ ಅರ್ಧ ಕಾರಣ ಗಾದಿಯಲ್ಲ, ಲೋಖಂಡಿ ಮಂಚ ಎಂಬುದು ಆಗ ತಿಳಿಯಿತು. ಹಿಂಜುವುದು, ಹೊಸ ಅರಿವೆ, ಹೊಲಿಗೆ, ಹಲಗೆ ಎಲ್ಲ ಕೂಡಿದರೂ ಸೊಲ್ಲಾಪುರದಲ್ಲಿ ಎಣಿಸಿಕೊಟ್ಟ ಹಣದ ನಾಲ್ಕನೆಯ ಒಂದು ಪಾಲಾಗಲಿಲ್ಲ.

“ಅಗಲ ಎಷ್ಟು ಹಿಡಿಲಿ?” ಎಂದು ಮಾಮಾ ಕೇಳಿದರು.

“ಅರ್ಧಾ. ಮೂವತ್ತು ಇಂಚು” ಎಂದರು ಮಾಸ್ತರರು. “ಸರಿಯಾಗಿ ನಡು ತನಕಾ.”

“ಅಷ್ಟು ಯಾಕ್ರಿ, ಅರಿವಿ ದಂಡ” ಎಂದರು ಬಾಯಿಯವರು.

“ಬಸ್ಸಿನ್ಯಾಗ ಅರ್ಧಾ ಟಿಕೀಟು ತಗೋತಿ, ಹಾಸಿಗ್ಯಾಗೂ ಅರ್ಧಾ ತಗೋ” ಎಂದರು ಮಾಸ್ತರರು.

ಮೂರು ದಿನಗಳ ಮೇಲೆ ತೆಳುವಾದ ಗಾದಿ ಬಂದಿತು. ಹಾಸಿ ನೋಡಿದಾಗ ಮಂಚದ ಒಂದು ಅರ್ಧ ಇನ್ನೊಂದಕ್ಕಿಂತ ಎರಡು ಇಂಚು ಎತ್ತರವಾಗಿತ್ತು, ನಡುವೆ ನೇರವಾದ ಗೆರೆ ಕಾಣುತ್ತಿತ್ತು. ಅಕ್ಕಲಕೋಟದವರಿಗೆ ಗಡಿಗೆರೆಯ ವಿಷಯ ಹೊಸದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯನ್ನೂ, ಅಕ್ಕಲಕೋಟ ಕರ್ನಾಟಕಕ್ಕೆ ಸೇರಲಿ ಎಂದು ಶಿಫಾರಸು ಮಾಡಿಯೂ ಜಾರಿಗೆ ಬಾರದ 1967ರ ಮಹಾಜನ ವರದಿಯನ್ನೂ ಮಾಸ್ತರರು ಜನ್ಮವಿಡೀ ಚರ್ಚಿಸಿದವರು. ಹಾಸಿಗೆಯ ನಡುವಿನ ಈ ಗೆರೆಯ ಬಗ್ಗೆ ಅವರು ತಕರಾರು ಮಾಡಲಿಲ್ಲ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ‘ಗಾದಿ’ ಎಂದರೆ ಮಲಗುವ ಹಾಸಿಗೆಯೂ ಹೌದು, ಅರಸರೂ ಮಠಾಧೀಶರೂ ಏರುವ ಪೀಠವೂ ಹೌದು. “ಇವತ್ತ ನೀ ಗಾದಿ ಏರಿದಿ” ಎಂದು ಅವರು ಹೇಳಿದಾಗ ಬಾಯಿಯವರು, “ಏರಿದ್ದು ಇರ್ಲಿ, ಬೀಳಬಾರದು” ಎಂದರು. ಹತ್ತಿ ಒಂದು ತಿಂಗಳಲ್ಲಿ ಕುಳಿತು ಎರಡು ಇಂಚು ಒಂದು ಇಂಚಾಯಿತು.

ಮೊದಲ ರಾತ್ರಿ ಇನ್ನೊಂದು ಸಣ್ಣ ಬದಲಾವಣೆ ಆಯಿತು. ಮೂವತ್ತೊಂದು ವರ್ಷಗಳಿಂದ ಸಂಜೆಯ ದೀಪ ಹಚ್ಚಿದ ಮೇಲೆ ಹಾಸಿಗೆ ಹಾಸುವುದು ಬಾಯಿಯವರ ಕೆಲಸವಾಗಿತ್ತು. ಅಂದು ಅವರು ಅಡಿಗೆಮನೆಯಿಂದ ಬರುವಷ್ಟರಲ್ಲಿ ಮಾಸ್ತರರು ಸೊಲ್ಲಾಪುರಿ ಚಾದರದ ಎರಡು ತುದಿ ಹಿಡಿದು ನಿಂತಿದ್ದರು; ಇನ್ನೆರಡು ತುದಿಗಳು ಮಂಚದ ಆಚೆ ಎಲ್ಲಿಯೋ ಮುದುಡಿದ್ದವು. ಹಾಸುವುದು ಒಬ್ಬರ ಕೈಗೆ ಎಷ್ಟು ದೊಡ್ಡ ಕೆಲಸವೆಂಬುದು ಅವರಿಗೆ ತಿಳಿಯತೊಡಗಿತ್ತು. ಬಾಯಿಯವರು ಬಂದು ಆಚೆಯ ತುದಿಗಳನ್ನು ಎಳೆದರು. ಮಲಗಿದರು, ಬಲಮಗ್ಗುಲಾಗಿ. ಭುಜವನ್ನು ಸ್ವಲ್ಪ ಆಡಿಸಿ ನೋಡಿದರು.

“ಹೆಂಗ ಅನಸ್ತದ?” ಎಂದು ಮಾಸ್ತರರು ಕೇಳಿದರು. ಈ ಸಲ ಅವರು ಉತ್ತರಕ್ಕಾಗಿ ಕಾದರು.

ಬಾಯಿಯವರು ಕೂಡಲೇ ಹೇಳಲಿಲ್ಲ. ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು, ಒಂದು ಗೇಣು ನಡುವಿನ ಕಡೆಗೆ ಸರಿದರು. “ಕಾಲಿನ ಕಡಿ ಜರಾ ಹತ್ತಿ ಕಮ್ಮಿ ಆಗ್ಯಾದ” ಎಂದರು. “ಉಳಿದದ್ದು ಚಲೋ ಅದ.”

ಮರುದಿನ ಬೆಳಿಗ್ಗೆ ಮಾಸ್ತರರು ಪೇಟೆಗೆ ಹೋಗಿ ಕಾಲು ಕಿಲೋ ಹತ್ತಿ ತಂದರು. ಕೌದಿ ಅಟ್ಟಕ್ಕೆ ಹೋಯಿತು.